ಶೇಡಬಾಳಕ್ಕೆ ಮುಟ್ಟದ ಹೂವು

ಇತ್ತೀಚೆಗೆ ರಾಯಬಾಗದ ಒಂದು ಶಾಲೆಯವರು ನನ್ನನ್ನು ಮಾತಿಗೆ ಕರೆದಿದ್ದರು. ಪೈಲಟ್ ಆಗಬೇಕಾದರೆ ಏನೇನು ಬೇಕು ಎಂದು ಮಕ್ಕಳಿಗೆ ಹೇಳಬೇಕಿತ್ತು. ಶಾಲು ಹೊದಿಸಿದರು, ಮೈಕು ಕೊಟ್ಟರು. ನಾನು ಧೈರ್ಯ ಬೇಕು, ಶಿಸ್ತು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಏಕಾಗ್ರತೆ ಬೇಕು ಎಂದೆ. ಏಕಾಗ್ರತೆ ಎನ್ನುವ ಮಾತು ಬಾಯಿಂದ ಹೊರಬೀಳುವಾಗಲೇ ನನ್ನ ಕಿವಿ ಬಿಸಿಯಾದವು. ಎರಡನೇ ಸಾಲಿನಲ್ಲಿದ್ದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಹೂ ಎಲ್ಲಿ ಬಿದ್ದೂವ್ರೀ?”

ಇಡೀ ಸಭೆ ಗೊಳ್ಳೆಂದಿತು. ಮಾಸ್ತರರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ನಾನು ಕೇಳಿಸಲಿಲ್ಲ ಎಂಬಂತೆ ಇನ್ನೊಂದು ಪ್ರಶ್ನೆ ತೆಗೆದುಕೊಂಡೆ. ಆದರೆ ಇಲ್ಲಿ ಸಭೆಯೂ ಇಲ್ಲ, ಶಾಲೂ ಇಲ್ಲ. ಈಗ ನಮ್ಮ ಕಡೆಯ ಮಕ್ಕಳೂ ವಿಮಾನ ಕಲಿಯಲು ಹೊರಟಿದ್ದಾರೆ. ಅವರಿಗಾದರೂ ಈ ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ಮುಚ್ಚಿಡದೆ ಹೇಳಿಬಿಡೋಣ ಎಂದು ಬರೆಯಲು ಕೂತಿದ್ದೇನೆ.

ವಿಮಾನ ಏರುವಾಗ ಕೆಲಸ ಇರುತ್ತದೆ, ಇಳಿಸುವಾಗ ಇರುತ್ತದೆ. ನಡುವೆ ಸುಮ್ಮನೆ ಕೂತಿರಬೇಕು. ಎದುರಿನ ಮೀಟರುಗಳ ಮುಳ್ಳುಗಳನ್ನು ನೋಡಬೇಕು, ಹೊರಗೆ ನೋಡಬೇಕು, ಮತ್ತೆ ಮುಳ್ಳು ನೋಡಬೇಕು. ಸುಮ್ಮನೆ ಕೂತವನ ತಲೆ ಸುಮ್ಮನಿರುವುದಿಲ್ಲ ನೋಡಿ. ಕೆಲವರು ಮಗಳ ಮದುವೆ ನೆನೆಯುತ್ತಾರೆ, ಕೆಲವರು ಹೊಲದ ತಂಟೆ ನೆನೆಯುತ್ತಾರೆ. ನನಗೆ ಹೆಂಡತಿ ಮಕ್ಕಳಿಲ್ಲ. ಮದುವೆಯಾಗುವ ವಯಸ್ಸಿನಲ್ಲಿ ಹುಡುಗಿಯ ಮನೆಯ ಪಡಸಾಲೆಯಲ್ಲಿ ಕೂತು ಏನೋ ಯೋಚಿಸುತ್ತಾ ಅವಳ ಹೆಸರು ಕೇಳುವುದನ್ನೇ ಮರೆತವನು ನಾನು. ಹಾಗಾಗಿ ನಾನು ಹಗಲುಗನಸು ಕಾಣುತ್ತಿದ್ದೆ. ಎಲ್ಲದರಲ್ಲೂ ನಾನೇ ಹೀರೋ. ಇದಕ್ಕಿಂತ ನಾಚಿಕೆಗೇಡಿನ ಚಟ ಇನ್ನೊಂದಿಲ್ಲ, ಏಕೆಂದರೆ ಕುಡಿದವನಾದರೆ ವಾಸನೆಯಿಂದ ಗೊತ್ತಾಗುತ್ತದೆ, ಇದು ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ಗುರು ದೇಶಪಾಂಡೆ ಸಾಹೇಬರಿಗೆ ಮಾತ್ರ ಗೊತ್ತಾಗುತ್ತಿತ್ತು. ಕಲಿಯುವಾಗ ಅವರು ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದರು. ನನ್ನ ಮುಖದ ಮೇಲೆ ಏನು ಕಾಣಿಸುತ್ತಿತ್ತೋ, ತಟ್ಟನೆ ಇಂಜಿನ್ನಿನ ಹಿಡಿಕೆ ಹಿಂದಕ್ಕೆ ಎಳೆದು “ಇಂಜಿನ್ ಗೇಲಂ! ಆತಾ ಕಾಯ್?” ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಇಂಜಿನ್ ಹೋಯಿತು, ಈಗ ಏನು ಮಾಡುತ್ತೀ ಎಂದು. ಕೆಳಗೆ ಇಳಿಸಬಹುದಾದ ಹೊಲ ಒಂದು ತಕ್ಷಣ ತೋರಿಸಬೇಕಿತ್ತು. ಒಮ್ಮೆ ನಾನು ಗಾಬರಿಯಿಂದ ಕೆರೆ ತೋರಿಸಿದೆ. “ಮಾಸೆ ಪಕಡಾಯಲಾ ಜಾತೋಸ್ ಕಾ?” ಎಂದು ಮರದ ಅಳತೆಪಟ್ಟಿಯಿಂದ ಬೆರಳ ಗಂಟಿನ ಮೇಲೆ ಹೊಡೆದರು. ಮೀನು ಹಿಡಿಯಲು ಹೊರಟಿದ್ದೀಯಾ ಎಂದು ಅವರ ಪ್ರಶ್ನೆ. ಆ ಪಟ್ಟಿ ಈಗಿನ ಕಾಲದಲ್ಲಿ ನಡೆಯುವುದಿಲ್ಲ. ನಡೆಯದಿರುವುದೇ ಒಳ್ಳೆಯದು. ಆದರೆ ನನ್ನ ಮಟ್ಟಿಗೆ ಅವರು ಇನ್ನೂ ನಾಲ್ಕು ಹೆಚ್ಚಿಗೆ ಕೊಟ್ಟಿದ್ದರೆ ಆಗುತ್ತಿತ್ತೇನೋ.

ಪರೀಕ್ಷೆ ಪಾಸಾಗಿ ಸೇರಿದ್ದು ಔಷಧ ಸಿಂಪಡಿಸುವ ಒಂದು ಕಂಪನಿಗೆ. ಈಗ ಹುಡುಗರು ಬದುವಿನ ಮೇಲೆ ನಿಂತು ಕೈಯಲ್ಲಿ ಮೊಬೈಲಿನಂಥದ್ದೊಂದು ಹಿಡಿದು ಡ್ರೋನ್ ಹಾರಿಸುತ್ತಾರೆ, ಅದು ತಾನೇ ಸಾಲು ಹಿಡಿದು ಹೋಗಿ ಬರುತ್ತದೆ. ಆಗ ಹಾಗಿರಲಿಲ್ಲ. ಹೊಲದ ಎರಡೂ ತುದಿಗೆ ಬಿಳಿ ಬಟ್ಟೆ ಹಿಡಿದ ಆಳುಗಳು ನಿಲ್ಲುತ್ತಿದ್ದರು. ಒಂದು ಬಟ್ಟೆಯಿಂದ ಇನ್ನೊಂದು ಬಟ್ಟೆಯವರೆಗೆ ನೇರ ಹಾರಿ ಔಷಧ ಬಿಡಬೇಕು. ತುದಿಗೆ ಬಂದಾಗ ತಂತಿ ಇದ್ದರೆ ಮೇಲೇಳಬೇಕು, ಮರ ಇದ್ದರೆ ತಿರುಗಬೇಕು. ಆಳು ಇಪ್ಪತ್ತು ಹೆಜ್ಜೆ ಸರಿದು ನಿಂತರೆ ನಾವೂ ಸರಿದು ಮತ್ತೊಂದು ಸಾಲು ಹಿಡಿಯಬೇಕು.

ಅಥಣಿ ಕಡೆ ಒಂದು ಮುಂಜಾನೆ ಹಾಗೆ ಹಾರುತ್ತಿದ್ದೆ. ಕನಸಿನಲ್ಲಿ ಮಿಡತೆಯ ದಂಡು ದೇಶದ ಮೇಲೆ ಬಿದ್ದಿತ್ತು, ನಾನೊಬ್ಬನೇ ಅದನ್ನು ತಡೆಯುತ್ತಿದ್ದೆ. ಬಿಳಿ ಬಟ್ಟೆ ಕಂಡಿತು, ನೇರ ಹೋದೆ, ಬಿಟ್ಟೆ. ಆ ಬಟ್ಟೆ ಆಳಿನದಾಗಿರಲಿಲ್ಲ. ಯಾರೋ ಗೌಡರ ಮನೆಯ ಹಿತ್ತಲಲ್ಲಿ ಒಣಹಾಕಿದ ಧೋತರಗಳು. ಅಳತೆ ನೋಡಲೆಂದು ಆ ದಿನ ಟ್ಯಾಂಕಿನಲ್ಲಿ ಬರೀ ನೀರು ತುಂಬಿದ್ದರು, ನನ್ನ ಪುಣ್ಯ. ಆದರೂ ಗೌಡರು ಒದ್ದೆ ಧೋತರ ಹೆಗಲಿಗೆ ಹಾಕಿಕೊಂಡೇ ನಮ್ಮ ಮ್ಯಾನೇಜರ್ ಹತ್ತಿರ ಬಂದರು. “ಏನ್ರೀ ಸಾಹೇಬ್ರ, ನಮ್ಮ ಧೋತ್ರಕ್ಕ ಯಾವ ಹುಳ ಬಿದ್ದಿತ್ರಿ?” ಎಂದು ಕೇಳಿದರು. ಮ್ಯಾನೇಜರ್ ನಕ್ಕರು, ಗೌಡರೂ ಕೊನೆಗೆ ನಕ್ಕರು. ನಾನು ವಿಮಾನದ ರೆಕ್ಕೆಯ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ.

ಮುಂದೆ ದೊಡ್ಡ ಊರಿನಲ್ಲಿ ಒಂದು ಖಾಸಗಿ ಕಂಪನಿಯ ಚಿಕ್ಕ ವಿಮಾನ ನಡೆಸಿದೆ. ಅಲ್ಲಿ ನನ್ನ ಮೇಲಿನ ಅಧಿಕಾರಿ ಕ್ಯಾಪ್ಟನ್ ನಳಿನಿ. ಮೈಸೂರು ಕಡೆಯವರು, ನನಗಿಂತ ಚಿಕ್ಕವರು, ದನಿ ಏರಿಸಿದ್ದು ನಾನು ಕೇಳಿಲ್ಲ. ಒಂದು ದಿನ ಕೋಣೆಗೆ ಕರೆದು ಒಂದು ಧ್ವನಿಮುದ್ರಣ ಹಚ್ಚಿದರು. ವಿಮಾನ ನಿಯಂತ್ರಣ ಕೇಂದ್ರದವನು ಇಂಗ್ಲಿಷಿನಲ್ಲಿ ನನ್ನ ಎತ್ತರ ಎಷ್ಟೆಂದು ಕೇಳುತ್ತಾನೆ. ಸ್ವಲ್ಪ ಮೌನ. ಆಮೇಲೆ ನನ್ನ ದನಿ, ಬಹಳ ವಿನಯದಿಂದ, ಶುದ್ಧ ಕನ್ನಡದಲ್ಲಿ: “ಎಲ್ಲಾ ನಿಮ್ಮ ಆಶೀರ್ವಾದ.”

ಮೇಡಂ ನಗಲಿಲ್ಲ. “ಯಾರು ಸನ್ಮಾನ ಮಾಡ್ತಿದ್ರು ಭರತೇಶ್ ಅವರೇ?” ಎಂದು ಕೇಳಿದರು.

ನಾನು ಹೇಳಲೇಬೇಕಾಯಿತು. ನಿಪ್ಪಾಣಿಯ ತಂಬಾಕು ವ್ಯಾಪಾರಿಗಳು ಸೇರಿ ನನ್ನನ್ನು ಆನೆಯ ಮೇಲೆ ಮೆರವಣಿಗೆ ಮಾಡುತ್ತಿದ್ದರು. ಅವರು ಪೆನ್ನಿನ ಮುಚ್ಚಳ ಹಾಕಿ, “ಇನ್ಮೇಲೆ ನೀವು ಒಬ್ಬರೇ ಹಾರಿಸೋದು ಬೇಡ, ಪಕ್ಕದಲ್ಲಿ ಯಾವಾಗಲೂ ಒಬ್ಬರು ಇರ್ತಾರೆ” ಎಂದರು. ಇಂಥ ಅಧಿಕಾರಿ ಸಿಕ್ಕರೆ ಕಾಲಿಗೆ ಬೀಳಿ. ನಿವೃತ್ತಿಯವರೆಗೆ ಪಕ್ಕದ ಸೀಟು ಖಾಲಿ ಇಲ್ಲದ್ದರಿಂದಲೇ ನಾನು ಗೌರವವಾಗಿ ಹೊರಬಂದೆ. ಖಾಲಿ ಸೀಟಿನ ವಿಮಾನವನ್ನು ಆಮೇಲೆ ನಾನೇ ಕಟ್ಟಿಕೊಂಡೆ.

ನಮ್ಮೂರು ಬೇಡಕಿಹಾಳ. ತಂದೆಯ ಕಾಲದಲ್ಲಿ ತಂಬಾಕು ತುಂಬಿಡುತ್ತಿದ್ದ ವಖಾರಿ ಖಾಲಿ ಬಿದ್ದಿತ್ತು. ವಿಮಾನದ ಬಿಡಿಭಾಗಗಳು ಮರದ ಪೆಟ್ಟಿಗೆಗಳಲ್ಲಿ ಬಂದವು. ಅವನ್ನು ಜೋಡಿಸಲು ನನ್ನ ಜೊತೆ ನಿಂತವನು ಚಿಕ್ಕೋಡಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ನನ್ನ ಬಾಲ್ಯದ ಗೆಳೆಯ ಇಮಾಮಸಾಬ. ಗೋಡೆಯಲ್ಲಿ ಸೇರಿಕೊಂಡ ತಂಬಾಕಿನ ಘಾಟಿಗೆ ಇಬ್ಬರೂ ಸೀನುತ್ತಾ ಸೀನುತ್ತಾ ರಿವೆಟ್ಟು ಹೊಡೆದೆವು. ವಿಮಾನಯಾನ ಇಲಾಖೆಯವರು ಬಂದು ನೋಡಿ, ಸೀನಿ, ಪರವಾನಗಿ ಕೊಟ್ಟರು. ಎರಡು ಸೀಟು, ಒಂದು ಪುಟ್ಟ ಇಂಜಿನ್ನು. ಮೊದಲ ಸಲ ಚಾಲೂ ಮಾಡಿದಾಗ ಇಮಾಮಸಾಬ ಕಿವಿಗೊಟ್ಟು ಕೇಳಿ, “ಶೇಂಗಾ ಚಟ್ನಿ ಮಾಡಾಕ ಅಡ್ಡಿಯಿಲ್ಲ” ಎಂದ. ನನ್ನ ಪಕ್ಕ ಕೂಡ್ರು ಎಂದರೆ, “ನಿನ್ನ ಸಂಗತಿ ನನಗ ಗೊತ್ತೈತಿಪಾ. ನನಗ ಮನ್ಯಾಗ ಮೊಮ್ಮಕ್ಕಳದಾವ” ಎಂದು ದೂರ ಸರಿದ.

ಹಾಗಾಗಿ ಒಬ್ಬನೇ ಹಾರಿದೆ, ಸಂಜೆಯ ತಂಪು ಹೊತ್ತಿನಲ್ಲಿ ಕಬ್ಬಿನ ಹೊಲಗಳ ಮೇಲೆ. ಮುದುಕನಾದ ಮೇಲೆ ಕನಸು ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಎಲ್ಲಿಯದು! ಮೇಲೆ ಹೋಗುವ ದೊಡ್ಡ ವಿಮಾನದ ಪೈಲಟ್ಟರಿಬ್ಬರಿಗೂ ಹಳಸಿದ ಉಪ್ಪಿಟ್ಟು ತಿಂದು ಹೊಟ್ಟೆ ಕೆಟ್ಟಿರುತ್ತಿತ್ತು. ಇಡೀ ದೇಶಕ್ಕೆ ಭರತೇಶನೇ ಗತಿ. ಆದರೆ ನನ್ನ ಚಟ್ನಿ ಯಂತ್ರದಿಂದ ಅಷ್ಟು ಎತ್ತರಕ್ಕೆ ಏರಿ ಆ ವಿಮಾನದೊಳಗೆ ಹೋಗುವುದು ಹೇಗೆ? ಈ ತೊಡಕು ಬಿಡಿಸಲು ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ದೊಡ್ಡ ವಿಮಾನವನ್ನೇ ಕೆಳಗೆ ಕರೆಸಿಕೊಂಡು, ಅದರ ಬಾಗಿಲಿಗೆ ಕಬ್ಬಿನ ಟ್ರ್ಯಾಕ್ಟರಿನ ಹಗ್ಗ ಕಟ್ಟಿ ಹತ್ತಿದೆ. ಮನುಷ್ಯನಿಗೆ ಎಪ್ಪತ್ತರ ಹತ್ತಿರ ಬಂದರೂ ಇಂಥದ್ದನ್ನು ಯೋಚಿಸಲು ಹೊತ್ತು ಸಿಗುತ್ತದೆ ಎನ್ನುವುದೇ ಒಂದು ಅವಮಾನ.

ಇನ್ನು ಹೂವಿನ ಮಾತು.

ನನ್ನ ಅಕ್ಕ ಸುಲೋಚನಾ. ನಮ್ಮವ್ವ ಬೇಗ ಹೋದಳು, ನನ್ನನ್ನು ಎತ್ತಿ ಬೆಳೆಸಿದ್ದು ಅಕ್ಕನೇ. ಶೇಡಬಾಳಕ್ಕೆ ಮದುವೆ ಮಾಡಿಕೊಟ್ಟರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ. ಒಂದೇ ಒಂದು ಸುಳ್ಳು ಆಡದೆ ಬದುಕಿದವಳು. ವ್ರತ ಎಂದು ಹೇಳಿಕೊಳ್ಳುವುದಿಲ್ಲ, ಸುಮ್ಮನೆ ಆಡುವುದಿಲ್ಲ. ಯಾರಾದರೂ ಅಕ್ಕಾ ನಮ್ಮ ಹೊಸ ಸೀರೆ ಹೇಗಿದೆ ಎಂದು ಕೇಳುವ ಮೊದಲು ಎರಡು ಸಲ ಯೋಚಿಸುತ್ತಾರೆ.

ಶೇಡಬಾಳದಲ್ಲಿ ಪಂಚಕಲ್ಯಾಣ ನಿಶ್ಚಯವಾಯಿತು. ಹೊಸ ಜಿನಬಿಂಬದ ಪ್ರತಿಷ್ಠೆಗೆ ಮುಂಚೆ, ತೀರ್ಥಂಕರರು ಗರ್ಭಕ್ಕೆ ಬಂದದ್ದರಿಂದ ಮೋಕ್ಷಕ್ಕೆ ಹೋದದ್ದರವರೆಗೆ ಎಲ್ಲವನ್ನೂ ಊರವರೇ ವೇಷ ಹಾಕಿ ಆಡಿ ತೋರಿಸುತ್ತಾರೆ. ಯಾರು ಇಂದ್ರ, ಯಾರು ಇಂದ್ರಾಣಿ, ಯಾರು ತೀರ್ಥಂಕರರ ತಂದೆ ತಾಯಿ ಎನ್ನುವುದು ಹೆಚ್ಚು ಕಾಣಿಕೆ ಕೂಗಿದವರಿಗೆ ಎಂದು ಸವಾಲಿನಲ್ಲಿ ತೀರ್ಮಾನವಾಗುತ್ತದೆ. ಆದರೆ ಆ ಪಾತ್ರಗಳೆಲ್ಲ ಜೋಡಿಗೆ. ಗಂಡ ಇಲ್ಲದವಳಿಗೆ ಕಿರೀಟ ಇಲ್ಲ. ಎಷ್ಟೋ ಪಂಚಕಲ್ಯಾಣಗಳಲ್ಲಿ ಅಕ್ಕ ಹಿಂದಿನ ಸಾಲಿನಲ್ಲಿ ಕೂತು ಮಂತ್ರ ಹೇಳಿ ಬಂದಿದ್ದಾಳೆ. ಈ ಸಲ ರತ್ನವೃಷ್ಟಿಯ ಸವಾಲು ಬಂತು. ತೀರ್ಥಂಕರರು ಹುಟ್ಟುವ ಮೊದಲು ಕುಬೇರ ಆಕಾಶದಿಂದ ರತ್ನಗಳ ಮಳೆ ಸುರಿಸಿದನಲ್ಲ, ಅದು. ಅದಕ್ಕೆ ಜೋಡಿ ಬೇಕಿಲ್ಲ. ಅಕ್ಕ ತುಂಬಿದ ಸಭೆಯಲ್ಲಿ ಎದ್ದು ನಿಂತಳಂತೆ.

“ರತ್ನವೃಷ್ಟಿ ನಂದು. ಸ್ಟೇಜಿನ ಮ್ಯಾಲಿಂದ ಅಲ್ಲ, ಆಕಾಶದಿಂದ. ನನ್ನ ತಮ್ಮ ವಿಮಾನದಾಗಿಂದ ಹಾಕ್ತಾನ.”

ಆಮೇಲೆ ಸವಾಲು ಏರಿಸಲು ಯಾರೂ ಬಾಯಿ ತೆಗೆಯಲಿಲ್ಲವಂತೆ. ಫೋನಿನಲ್ಲಿ ಹೇಳುವಾಗ ಅವಳ ದನಿ ಹುಡುಗಿಯ ದನಿಯಾಗಿತ್ತು. “ಭರತೂ, ಒಂದ ಕೆಲಸ ಕೊಟ್ಟೀನಿ. ನನ್ನ ಮಾನ ಉಳಸಪಾ” ಎಂದಳು. ನಾನು “ಅದೇನ್ ದೊಡ್ಡ ಕೆಲಸ ಬಿಡಕ್ಕಾ” ಎಂದೆ.

ಪೊಲೀಸರ, ಇಲಾಖೆಯ ಅನುಮತಿ ಎಲ್ಲ ತಂದೆ. ಇಮಾಮಸಾಬ ತರಕಾರಿ ತುಂಬುವ ಪ್ಲಾಸ್ಟಿಕ್ ಬುಟ್ಟಿಗೆ ತಳದಲ್ಲಿ ಬಾಗಿಲು ಮಾಡಿ, ವಿಮಾನದ ಹೊಟ್ಟೆಗೆ ಬಿಗಿದು, ಸೈಕಲ್ಲಿನ ಬ್ರೇಕು ಹಚ್ಚಿ ಕೊಟ್ಟ. ಬ್ರೇಕು ಹಿಡಿದರೆ ಬಾಗಿಲು ತೆಗೆದು ಎಲ್ಲ ಒಮ್ಮೆಗೇ ಬೀಳಬೇಕು. ಅಕ್ಕ ಹಿಂದಿನ ದಿನವೇ ಬೇಡಕಿಹಾಳಕ್ಕೆ ಬಂದು ಚೆಂಡು ಹೂವು, ಸೇವಂತಿಗೆ ಎಲ್ಲ ಹರಡಿ ಕೂತಳು. ಒಂದೊಂದೇ ಹೂವು ಕೈಯಲ್ಲಿ ಹಿಡಿದು ಮೆಲ್ಲಗೆ ಝಾಡಿಸಿ ಇರುವೆ ಇಳಿಸಿದಳು. ಇರುವೆಯ ಸಮೇತ ಆಕಾಶದಿಂದ ಹಾಕಿದರೆ ಪುಣ್ಯದ ಜೊತೆ ಪಾಪವೂ ಬೀಳುತ್ತದಲ್ಲ. ಅವಳ ಪಕ್ಕದಲ್ಲಿ ಬಣ್ಣದ ಬೇಗಡೆ ಕತ್ತರಿಸಿ ಮಾಡಿದ ರತ್ನಗಳ ಚೀಲ. ನಾನು ನಡುವೆ ಹೋಗಿ ನಿಂತರೆ, “ನೀ ಮಕ್ಕೋ ಹೋಗು. ನಾಳೆ ತಲಿ ಜಾಗಾದಾಗ ಇರಬೇಕು” ಎಂದಳು.

ಮರುದಿನ ಅಕ್ಕ ಬೆಳಗಿನ ಬಸ್ಸಿಗೆ ಶೇಡಬಾಳಕ್ಕೆ ಹೋದಳು, ನಾನು ಬುಟ್ಟಿ ತುಂಬಿಕೊಂಡು ಹೊರಟೆ. ದಾರಿ ಸುಲಭ. ಬೇಡಕಿಹಾಳದಿಂದ ಮೂಡಣಕ್ಕೆ ಹೋಗಿ ದಿಗ್ಗೇವಾಡಿಯ ಹತ್ತಿರ ಕೃಷ್ಣೆಯನ್ನು ಹಿಡಿದು, ಅಲ್ಲಿಂದ ಬಡಗಣಕ್ಕೆ ತಿರುಗಿದರೆ ಶೇಡಬಾಳ. ಗಾಳಿ ಇರಲಿಲ್ಲ. ಇಂಜಿನ್ನು ತನ್ನ ಪಾಡಿಗೆ ಚಟ್ನಿ ಅರೆಯುತ್ತಿತ್ತು. ಮಾಡಲು ಏನೂ ಇರಲಿಲ್ಲ.

ಮೊದಲು ಸ್ವಲ್ಪವೇ ಶುರುವಾಯಿತು. ನಾನು ಈಗ ಕುಬೇರನಲ್ಲವೇ ಎಂದುಕೊಂಡೆ, ಅಷ್ಟೇ. ಕುಬೇರನಾದರೆ ದೇವಲೋಕದ ಪರವಾನಗಿ ಬೇಕಲ್ಲ. ದೇವಲೋಕದ ಡಾಕ್ಟರು ನನ್ನ ರಕ್ತದೊತ್ತಡ ನೋಡಿದ, ಹೆಚ್ಚಿದೆ ಎಂದ, ನಾನು ಸ್ವಲ್ಪ ಅಡ್ಜಸ್ಟ್ ಮಾಡಿ ಎಂದೆ. ಐರಾವತ ಎದುರಿನಿಂದ ಬಂತು. ನಿಯಮದ ಪ್ರಕಾರ ನಾನು ಬಲಕ್ಕೆ ಸರಿದೆ, ಅದು ಸೊಂಡಿಲೆತ್ತಿ ಥ್ಯಾಂಕ್ಸ್ ಹೇಳಿತು. ಅಪ್ಸರೆಯರು ಮೋಡದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಗೆ ಇಂದ್ರನೇ ಸಿಂಹಾಸನ ಬಿಟ್ಟೆದ್ದು, “ಹೂಂ, ಹಾಕಪಾ ಭರತೇಶ” ಎಂದ. ನಾನು ತಲೆಬಾಗಿ ಹಾಕಿದೆ.

ಶೇಡಬಾಳ ಕಂಡಾಗ ಎಚ್ಚರಾಗಿ, ಮೈ ಸರಿಮಾಡಿಕೊಂಡು ಕೂತೆ. ಕೆಳಗೆ ಬಿಳಿ ಪೆಂಡಾಲು, ಅದರ ಸುತ್ತ ಜನವೋ ಜನ. ಎಲ್ಲರೂ ಮುಖ ಮೇಲೆ ಮಾಡಿದ್ದರು. ಹೆಂಗಸರು ಸೆರಗು ಹರಡಿ ಹಿಡಿದಿದ್ದರು. ಬ್ರೇಕು ಹಿಡಿದೆ. ಏನೂ ಬೀಳಲಿಲ್ಲ. ಸಿಕ್ಕಿಕೊಂಡಿದೆ ಎಂದುಕೊಂಡು ಒಂದು ಸುತ್ತು ಹಾಕಿ ಬಂದು ಮತ್ತೆ ಹಿಡಿದೆ. ಮತ್ತೊಂದು ಸುತ್ತು. ರೆಕ್ಕೆ ಅಲ್ಲಾಡಿಸಿದೆ. ಆಮೇಲೆ ತಿಳಿದಂತೆ, ಮೈಕಿನವನು ಪ್ರತಿ ಸಲವೂ “ಈಗ ರತ್ನವೃಷ್ಟಿ! ಈಗ ಆಗ್ತೈತಿ!” ಎಂದು ಕೂಗಿ, ಬ್ಯಾಂಡಿನವರು ಪ್ರತಿ ಸಲವೂ ಬಾರಿಸಿ ಸುಸ್ತಾದರಂತೆ. ಕೊನೆಯ ಸುತ್ತಿನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದ ಒಂದೇ ಒಂದು ಚೆಂಡು ಹೂವು ಉದುರಿ ಲೌಡ್‌ಸ್ಪೀಕರಿನ ಬಾಯಿಯೊಳಗೆ ಬಿತ್ತಂತೆ.

ಬೇಡಕಿಹಾಳದಲ್ಲಿ ಇಳಿಸಿದೆ. ಇಮಾಮಸಾಬ ವಿಮಾನದ ಕೆಳಗೆ ಮಲಗಿ ನೋಡಿ ಎದ್ದ.

“ಬುಟ್ಟಿ ಖಾಲಿ ಐತಿ. ಎಲ್ಲಿ ಹಾಕಿದಿ?”

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆಕಾಶದಿಂದ ಒಂದು ಬುಟ್ಟಿ ಹೂವು ಸುರಿದು, ಎಲ್ಲಿ ಸುರಿದೆ ಎಂದು ಗೊತ್ತಿಲ್ಲದ ಪೈಲಟ್ಟನನ್ನು ನೀವು ನೋಡಿದ್ದೀರಾ? ಅಷ್ಟರಲ್ಲಿ ಅಕ್ಕನ ಫೋನು ಬಂತು. “ಏನಾತೋ?” ಎಂದಳು, ಹಿಂದೆ ಬ್ಯಾಂಡಿನ ಸದ್ದು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. “ಬ್ರೇಕಿನ ವಾಯರ್ ಹರದತಕ್ಕಾ. ಹಾದ್ಯಾಗ ಗಾಳಿ ಜೋರಿತ್ತು” ಎಂದುಬಿಟ್ಟೆ. ಇಮಾಮಸಾಬ ಹರಿಯದ ವಾಯರನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಎದ್ದು ಹೊರಗೆ ಹೋದ.

ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಬಂತು. ದಿಗ್ಗೇವಾಡಿಯ ಹೊಳೆದಂಡೆ. ಕುರಿ ಕಾಯುವ ಮನೆತನದ ಒಬ್ಬ ಮುದುಕನನ್ನು ಮಣ್ಣಿಗೆ ಒಯ್ಯುತ್ತಿದ್ದರು. ಹತ್ತಿಪ್ಪತ್ತು ಜನ, ಒಂದು ಡೊಳ್ಳು, ಹೆಣದ ಮೇಲೆ ಒಂದು ಮಾಲೆ. ನನ್ನ ವಿಮಾನ ಬಂತು. ಅವರ ತಲೆಯ ಮೇಲೆ ನೇರವಾಗಿ, ಎಷ್ಟು ನೇರವಾಗಿ ಎಂದರೆ ದೇಶಪಾಂಡೆ ಸಾಹೇಬರೂ ತಲೆದೂಗುವಂತೆ, ಬುಟ್ಟಿ ತೆರೆಯಿತು. ಚೆಂಡು ಹೂವು, ಸೇವಂತಿಗೆ, ಬೇಗಡೆಯ ರತ್ನಗಳು ಬಿಸಿಲಿನಲ್ಲಿ ಹೊಳೆಯುತ್ತಾ ಹೆಣದ ಮೇಲೆ ಬಿದ್ದವು. ಡೊಳ್ಳು ನಿಂತಿತು. ಹಿಂದೆ ಬರುತ್ತಿದ್ದ ಕುರಿಗಳು ದಾರಿಗೆ ಬಿದ್ದದ್ದನ್ನು ತಿನ್ನತೊಡಗಿದವು.

ಸುತ್ತಲಿನ ಐದು ತಾಲೂಕಿನ ಜನ ನೋಡಿ ನಕ್ಕರು. ಅಕ್ಕನೂ ನೋಡಿದಳು. ಫೋನು ಮಾಡಿ, “ಹೂ ಹೋದ್ರ ಹೋದೂವು. ವಾಯರ್ ಹರೀತಂತ ಯಾಕ ಅಂದಿ?” ಎಂದಳು. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಳು. ನಾನು ವಖಾರಿಗೆ ಬೀಗ ಹಾಕಿ, ಕೀಲಿಯನ್ನು ಇಮಾಮಸಾಬನ ಕೈಗೆ ಕೊಟ್ಟೆ. ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಸುಮ್ಮನೆ ಜೇಬಿಗೆ ಇಳಿಸಿದ.

ಮುಂದಿನ ದಿನಗಳಲ್ಲಿ ನಾನು ಶೇಡಬಾಳಕ್ಕೆ ಹೋಗುವುದು, ಅಕ್ಕನ ಪಡಸಾಲೆಯಲ್ಲಿ ಕೂಡ್ರುವುದು, ಅವಳು ತಾಟು ತಂದಿಟ್ಟು ಒಳಗೆ ಹೋಗುವುದು, ಉಂಡು ಬಸ್ಸು ಹತ್ತುವುದು ನಡೆಯಿತು. ತಪ್ಪಾಯಿತು ಎಂದರೆ ಕೇಳಿಸದಂತೆ ಪಾತ್ರೆ ತೊಳೆಯುತ್ತಿದ್ದಳು. ಸಂತೆಯಲ್ಲಿ ಹೆಂಗಸರು ಅವಳಿಗೆ “ನಿಮ್ಮ ರತ್ನ ಕುರಿ ತಿಂದೂವಂತಲ್ರಿ ಅಕ್ಕಾರ” ಎನ್ನುತ್ತಾರೆ ಎಂದು ನೆರೆಮನೆಯವರು ಹೇಳಿದರು. ಬದುಕಿನಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ ಕೆಲಸ.

ಹೀಗೆ ಒಂದು ದಿನ ಕೂತಿದ್ದಾಗ ಬಾಗಿಲಲ್ಲಿ ಒಬ್ಬಳು ಮುದುಕಿ, ಅವಳ ಮಗ ಬಂದು ನಿಂತರು. ಬೇಡಕಿಹಾಳಕ್ಕೆ ಹೋಗಿ, ಇಮಾಮಸಾಬ ಹೇಳಿದಂತೆ ಇಲ್ಲಿಗೆ ಬಂದಿದ್ದರು. ಅಂದು ಮಣ್ಣಿಗೆ ಹೋದ ಬೀರಪ್ಪನ ಹೆಂಡತಿ ಮಾಳವ್ವ, ಮಗ ಸಿದ್ದಪ್ಪ. ಮುದುಕಿಯ ತೋಳಿನಲ್ಲಿ ಮಡಚಿದ ಹೊಸ ಕಂಬಳಿ. ಅಕ್ಕ ಅವಳನ್ನು ಒಳಗೆ ಕರೆದು ನೀರು ಕೊಡುವಷ್ಟರಲ್ಲಿ ಸಿದ್ದಪ್ಪ ನನ್ನನ್ನು ಕಟ್ಟೆಗೆ ಕರೆದ.

“ಸಾಹೇಬ್ರ, ನೀವ ಶೇಡಬಾಳಕ್ಕ ಹೊಂಟಿದ್ರಿ ಅನ್ನೂದು ನನಗ ಗೊತ್ತೈತ್ರಿ. ವಿಡಿಯೋ ನಾನೂ ನೋಡೀನಿ. ಅವ್ವಗ ಮಾತ್ರ ಹೇಳಬ್ಯಾಡ್ರಿ. ಹೂ ಅಪ್ಪಗಂತನ ಹಾಕಿದ್ರು ಅಂತ ಅಕಿ ಅದೊಂದ ಮಾತಿನ ಮ್ಯಾಲ ಉಸಿರ ಹಿಡಕೊಂಡು ಕುಂತಾಳ.”

ನಾನು ತಲೆಯಾಡಿಸಿದೆ. ಒಳಗೆ ಹೋಗಿ ಕೂತೆವು. ಮಾಳವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

“ಮದವ್ಯಾಗೊಮ್ಮೆ ಮಾಲಿ ಹಾಕಿದ್ದು ಬಿಟ್ರ ನಮ್ಮ ಮನಿಯವ್ರ ಮೈಮ್ಯಾಲ ಹೂ ಬಿದ್ದಿದ್ದಿಲ್ರಿ ಯಪ್ಪಾ. ಹುಟ್ಟಿದಾಗಿಂದ ಕುರಿ ಬೆನ್ನ ಹತ್ತಿ ತಿರಿಗಿದ್ರು. ಹೋಗೂ ಮುಂದ ರಾಜಾನಂಗ ಹೋದ್ರು ನೋಡ್ರಿ. ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವ್ರು ಹೋದ ಸುದ್ದಿ ನಿಮಗ ಹೆಂಗ ಮುಟ್ಟಿತ್ರಿ?”

ಸಿದ್ದಪ್ಪ ನೆಲ ನೋಡುತ್ತಿದ್ದ. ಇಷ್ಟರಲ್ಲಿ ನನ್ನ ತಲೆ ತನ್ನ ಹಳೆಯ ಕೆಲಸ ಮುಗಿಸಿಬಿಟ್ಟಿತ್ತು. ಮೇಲಿಂದ ಮೆರವಣಿಗೆ ಕಂಡಿತು, ಮನಸ್ಸಿಗೆ ಏನೋ ಆಯಿತು, ಕೈ ತಾನೇ ಹೋಯಿತು, ಇಂಥದ್ದೊಂದು ಚೆಂದದ ಕಥೆ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಬಾಯಿ ತೆರೆದೆ. ಒಳಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನನ್ನು ನೋಡಿದಳು. ಬಾಯಿ ಮುಚ್ಚಿದೆ.

“ಅಂವಗ ಏನೂ ಗೊತ್ತಿದ್ದಿಲ್ಲವಾ” ಎಂದಳು ಅಕ್ಕ. “ಅಂವ ನಿದ್ದಿ ಮಾಡದನ ಕನಸ ಕಾಣ್ತಾನ, ಸಣ್ಣಂವ ಇದ್ದಾಗಿಂದ ಹಂಗ. ಹೂ ಇಲ್ಲಿ ಬೀಳಬೇಕಿತ್ತು. ಅಲ್ಲಿ ಬಿದ್ದೂವು.”

ಸಿದ್ದಪ್ಪ ಕಣ್ಣು ಮುಚ್ಚಿಕೊಂಡ. ಮುದುಕಿ ಅಕ್ಕನ ಕಡೆ ತಿರುಗಿದಳು.

“ಹಂಗಾರ ಹೂ ಯಾರೂವ್ರಿ?”

“ನನ್ನೂವು” ಎಂದಳು ಅಕ್ಕ. ಆಮೇಲೆ “ಒಂದೊಂದ ಹೂ ನಾನ ಕೈಯಾರೆ ಝಾಡಿಸಿ ಇಟ್ಟಿದ್ದೆ. ಸ್ವಚ್ಛ ಇದ್ದೂವು. ನಿನ್ನ ಗಂಡಗ ಮುಟ್ಟಿದೂವಲ್ಲ, ಇರಲಿ” ಎಂದಳು.

ಮಾಳವ್ವ ಮೊಣಕಾಲ ಮೇಲೆ ಕೈಯೂರಿ ಎದ್ದಳು. ನನಗೆಂದು ತಂದ ಕಂಬಳಿಯನ್ನು ಬಿಚ್ಚಿ ಅಕ್ಕನ ಹೆಗಲಿಗೆ ಹೊದಿಸಿದಳು. “ನಿಮ್ಮೂವು ಅಂದ್ರ ನಮಗೂ ಬರೋಬ್ಬರಿನ ಆತು ಬಿಡ್ರಿ. ಗಂಡ ಹೋದಾಕಿ ಸಂಕಟ ನಿಮಗೂ ಗೊತ್ತೈತಿ” ಎಂದು ಅವಳ ಎರಡೂ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು. ಸಿದ್ದಪ್ಪನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಹಾ ಕುಡಿದು ಅವರು ಕುಡಚಿಯ ಕಡೆ ಹೋಗುವ ಬಸ್ಸಿಗೆ ಹೊರಟರು.

ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಅಕ್ಕ ಕಂಬಳಿ ಹೊದ್ದುಕೊಂಡೇ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಎದುರಿಗೆ ತಲೆ ತಗ್ಗಿಸಿ ಕೂತಿದ್ದೆ. ಅಂಥ ಹೊತ್ತಿನಲ್ಲೂ, ನನಗೆ ಹೇಳಲು ನಾಚಿಕೆಯಾಗುತ್ತದೆ, ನನ್ನ ತಲೆ ಹೋಯಿತು. ಕೆಳಗೆ ಬಿಳಿ ಪೆಂಡಾಲು ಕಂಡಿತು. ಈ ಸಲ ಐರಾವತ ಇರಲಿಲ್ಲ, ಇಂದ್ರ ಇರಲಿಲ್ಲ, ನಾನೂ ಕಾಣಿಸಲಿಲ್ಲ. ಪೆಂಡಾಲಿನ ಅಂಚಿನಲ್ಲಿ ಅಕ್ಕ ಒಬ್ಬಳೇ ಸೆರಗು ಹರಡಿ ಮೇಲೆ ನೋಡುತ್ತಾ ನಿಂತಿದ್ದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು.

“ಮತ್ತ ಹೋದಿ ಅಲಾ?”

ಬೆಚ್ಚಿಬಿದ್ದೆ. ಅಷ್ಟು ದಿನಗಳ ಮೇಲೆ ಅವಳು ನನಗೆ ಆಡಿದ ಮೊದಲ ಮಾತು. ಇಲ್ಲ ಎನ್ನಬಹುದಿತ್ತು.

“ಹೋಗಿದ್ದೆ ಅಕ್ಕಾ.”

“ಎಲ್ಲಿಗೆ?”

“ಇಲ್ಲೇ. ಪೆಂಡಾಲಿನ ಮ್ಯಾಲ.”

ಅಕ್ಕ ಕಂಬಳಿಯ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು. “ಹೂ ಹಾಕಿದಿ?”

“ಹಾಕಿದೆ.”

“ನನ್ನ ಮ್ಯಾಲ ಬಿದ್ದೂವು?”

“ಬಿದ್ದೂವಕ್ಕಾ. ಉಡಿ ತುಂಬ ಬಿದ್ದೂವು.”

ಗಂಡ ಹೋದಂದಿನಿಂದ ಅವಳ ಉಡಿ ಯಾರೂ ತುಂಬಿರಲಿಲ್ಲ.

“ಉಡಿ ತುಂಬ?” ಎಂದು ಮತ್ತೊಮ್ಮೆ ಕೇಳಿದಳು.

“ಉಡಿ ತುಂಬ ಅಕ್ಕಾ.”

ಅವಳು ಸ್ವಲ್ಪ ಬಾಗಿ, ಬರಿದಾದ ತನ್ನ ಮಡಿಲನ್ನು ನೋಡಿ, ಸೆರಗನ್ನು ಎಳೆದು ಮುಚ್ಚಿಕೊಂಡಳು. “ಏಳು, ಹೊತ್ತು ಮುಣಗೂದ್ರಾಗ ಉಣ್ಣು” ಎಂದು ಒಳಗೆ ಹೋದಳು.